ಹೌದಿನೊಳಗಿನ ಹಿಮಾಲಯ

ಬೆಳಗಾವಿಯಲ್ಲಿ ಸಂಘಗಳಿಗೇನೂ ಬರವಿಲ್ಲ. ನಗುವವರಿಗೊಂದು, ನಡೆಯುವವರಿಗೊಂದು, ನಗುತ್ತ ನಡೆಯುವವರಿಗೆ ಮತ್ತೊಂದು ಇವೆ. ಇಷ್ಟಿದ್ದೂ ಮಹಾಂತೇಶ ನಗರದ ಶಶಿಧರ ಅವರಿಗೆ ಕೂರಲು ಒಂದೂ ಅಧ್ಯಕ್ಷರ ಕುರ್ಚಿ ಖಾಲಿ ಸಿಗಲಿಲ್ಲ. ಹಾಗಾಗಿ ‘ಶೀತಜಲ ಸಾಧಕರ ಸಂಘ’ ಹುಟ್ಟಿತು. ಅದರ ಸದಸ್ಯರು ಈತನಕ ಸಾಧಿಸಿದ್ದು ಶೀತವೊಂದನ್ನೇ, ಅದೂ ಮೂಗಿನದು.

ಶಶಿಧರ ಅವರಿಗೆ ಮಚ್ಛೆಯಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಿದೆ. ನೀರೆತ್ತುವ ಸಾಮಾನು ಮಾಡುವವನಿಗೆ ನೀರಿನ ವಿಷಯದಲ್ಲಿ ಮಾತೆತ್ತುವ ಅಧಿಕಾರವೂ ತಾನಾಗಿ ಬರುತ್ತದೆ ಎಂದು ಅವರ ನಂಬಿಕೆ. ಎರಡು ವರ್ಷದ ಹಿಂದೆ ಹಿಮಾಲಯದ ಕಡೆ ಪ್ರವಾಸ ಹೋದವರು ಅಲ್ಲಿನ ಒಂದು ಸರೋವರದ ದಂಡೆಯಲ್ಲಿ ಪ್ಯಾಂಟು ಮಡಚಿ ನಿಂತು ಫೋಟೊ ತೆಗೆಸಿಕೊಂಡು ಬಂದರು. ಫೋಟೊದಲ್ಲಿ ನೀರು ಅವರ ಹಿಮ್ಮಡಿಯನ್ನು ಮುಟ್ಟಿದೆ. ಭಾಷಣದಲ್ಲಿ ಅದು ತಿಂಗಳಿಗಿಷ್ಟು ಏರುತ್ತ ಏರುತ್ತ ಈಗ ಕುತ್ತಿಗೆಗೆ ಬಂದಿದೆ.

ಇದೆಲ್ಲ ಅವರ ಪಾಡಿಗೆ ಅವರು ಮಾಡಿಕೊಂಡಿದ್ದರೆ ನನಗೂ ಪುಕ್ಕಟೆ ಮನರಂಜನೆ. ಆದರೆ ಅವರು ನನ್ನ ಅಪ್ಪನನ್ನು ಸೇರಿಸಿಕೊಂಡರು.

ನನ್ನ ಅಪ್ಪ ಗುರುಪುತ್ರಪ್ಪನಿಗೆ ರವಿವಾರ ಪೇಟೆಯಲ್ಲಿ ಹಗ್ಗ, ಸುತಳಿ, ಗೋಣಿಚೀಲಗಳ ಅಂಗಡಿ. ಬಿ.ಎ. ಮುಗಿಸಿದ ಮೇಲೆ ನಾನೂ ಅಲ್ಲೇ ಕೂರುತ್ತೇನೆ. ಅರವತ್ತರ ಹತ್ತಿರ ಬಂದಿದ್ದರೂ ಅಪ್ಪ ದಿನಾ ಬೆಳಿಗ್ಗೆ ನಮ್ಮ ಓಣಿಯ ಮೆಟ್ಟಿಲು ಬಾವಿಯಲ್ಲಿ ಈಜುತ್ತಾನೆ. ಓಣಿಯ ಅರ್ಧ ಜನಕ್ಕೆ ಈಜು ಕಲಿಸಿದವನೂ ಅವನೇ. ಬಾಯಿ ಬೆಸೆದ ಎಣ್ಣೆ ಡಬ್ಬಿಯೊಂದನ್ನು ಬೆನ್ನಿಗೆ ಕಟ್ಟಿ ನೀರಿಗೆ ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಡಬ್ಬಿ ತೇಲುತ್ತದೆ, ಡಬ್ಬಿಯ ಕೆಳಗೆ ಕೂಸೂ ತೇಲುತ್ತದೆ. ಅಪ್ಪನ ನಿಯಮ ಒಂದೇ: ತಾನು ಸ್ವಂತ ಕೈಯಿಂದ ಗಂಟು ಹಾಕದೆ ಯಾರೂ ನೀರಿಗೆ ಇಳಿಯಕೂಡದು. ಆ ಗಂಟು ನೀರಲ್ಲಿ ಬಿಗಿಯಾಗುತ್ತದೆ, ಬಿಚ್ಚಬೇಕೆಂದರೆ ಅಪ್ಪನೇ ಬೇಕು. ನೀರೊಳಗೆ ಒದ್ದಾಡುವ ಹುಡುಗನ ಬೆನ್ನ ಮೇಲೆ ಒಂದು ಕೈಯಲ್ಲಿ ಗಂಟು ಹಾಕಿದ್ದನ್ನೂ ನಾನು ಕಂಡಿದ್ದೇನೆ.

ಇಂಥವನನ್ನು ಶಶಿಧರ ಅವರು ‘ಜಲಗುರು’ ಎಂದು ಕರೆದು ಶಾಲು ಹೊದಿಸಿದರು. ಶಾಲಿನ ಬಿಸಿಗೆ ಕರಗದ ಗಂಡಸು ಬೆಳಗಾವಿಯಲ್ಲಿ ಇನ್ನೂ ಹುಟ್ಟಬೇಕು.

ಜನವರಿಯ ಒಂದು ರವಿವಾರ ಮಚ್ಛೆಯ ಕಾರ್ಖಾನೆಯ ಆಫೀಸಿನಲ್ಲಿ ಸಂಘದ ಸಭೆ ನಡೆಯಿತು. ಅಪ್ಪನನ್ನು ಸ್ಕೂಟರಿನ ಮೇಲೆ ಕರೆದುಕೊಂಡು ಹೋಗಿದ್ದರಿಂದ ನನಗೂ ಒಂದು ಕುರ್ಚಿ, ಒಂದು ತಾಟು ಭಜಿ ಸಿಕ್ಕವು. ಶಶಿಧರ ಅವರು ಗಂಟಲು ಸರಿಮಾಡಿಕೊಂಡು ಎದ್ದರು. ಅಪ್ಪನದು ಗಂಟಾದರೆ ಅವರದು ಗಂಟಲು. ಎರಡೂ ಒಮ್ಮೆ ಶುರುವಾದರೆ ಬಿಚ್ಚುವುದು ಕಷ್ಟ.

“ಲಕ್ಷ್ಯಗೊಟ್ಟು ಕೇಳ್ರಿ,” ಎಂದರು. “ಏನಪಾ ಅಂದ್ರ, ನಾವೆಲ್ಲಾರೂ ಉತ್ತರದ ಆ ಸರೋವರಕ್ಕ ಹೋಗೂಣು. ಈ ದಂಡಿಯಿಂದ ಆ ದಂಡಿಗಿ ಈಜೂಣು. ಯಾವಾಗ? ಮೇ ತಿಂಗಳದಾಗ. ಯಾಕ? ಏನಪಾ ಅಂದ್ರ, ಮೇ ಅಂದ್ರ ಬ್ಯಾಸಿಗಿ. ಬ್ಯಾಸಿಗಿ ಅಂದ್ರ ಬಿಸಲು. ಬಿಸಲಿಗಿ ನೀರು ಕಾಯ್ತೈತಿ. ಕಾದ ನೀರಾಗ ಜಳಕಾ ಮಾಡಿ ಬರೂದು, ಅಷ್ಟ.”

ಅಪ್ಪ ಕೈ ಎತ್ತಿದ. ವಿರೋಧಿಸುತ್ತಾನೆಂದು ನನಗೆ ಖುಷಿಯಾಯಿತು.

“ಹಂಗಲ್ಲರಿ ಶಶಿಧರ ಅವ್ರ,” ಎಂದ. “ನೀರು ಯಾವತ್ತೂ ಹವಾಕ್ಕ ಉಲ್ಟಾ ಇರತೈತಿ. ನಮ್ಮ ಬಾವಿ ನೋಡ್ರಿ. ಥಂಡಿ ದಿನದಾಗ ಹೊಗಿ ಏಳತೈತಿ, ಇಳದ್ರ ಬೆಚ್ಚಗ. ಬ್ಯಾಸಿಗ್ಯಾಗ ತಣ್ಣಗ. ಬೆಳಗಾವ್ಯಾಗ ಇಷ್ಟು ಥಂಡಿಗಿ ಇಷ್ಟು ಬೆಚ್ಚಗಿದ್ರ, ಬರ್ಫ್ ಬೀಳೂ ದೇಶದಾಗ ನೀರು ಎಷ್ಟು ಬೆಚ್ಚಗ ಇರಬೇಕು, ನೀವ ವಿಚಾರ ಮಾಡ್ರಿ. ಮೇದಾಗ ಹೋದ್ರ ಒಂಚೂರು ತಂಪ ಇರತೈತಿ. ಹಿತಾ ಆಗತೈತಿ.”

ಒಬ್ಬರು ಮೇ ತಿಂಗಳಲ್ಲಿ ನೀರು ಬಿಸಿ ಎಂದರು, ಇನ್ನೊಬ್ಬರು ತಂಪು ಎಂದರು. ಇಬ್ಬರ ಕಾರಣಗಳೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. ಆದರೂ ತಿಂಗಳು ಒಂದೇ ಆದ್ದರಿಂದ ಠರಾವು ಸರ್ವಾನುಮತದಿಂದ ಪಾಸಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅನಿಕೇತ. ಅವನು ಶಶಿಧರ ಅವರ ಕಾರ್ಖಾನೆಯ ಲೆಕ್ಕ ನೋಡುತ್ತಾನೆ, ಅವರ ಮಾತಿಗೆ ತಾಳವನ್ನೂ ಹಾಕುತ್ತಾನೆ. ಹೋದ ತಿಂಗಳು ಮದುವೆಯಾದ ಹುಡುಗ.

“ಜಾಕೀಟ ಹಾಕ್ಕೊಂಡು ಈಜೂದಲ್ಲೇನ್ರಿ?” ಎಂದು ಕೇಳಿದೆ. “ತೇಲೂ ಜಾಕೀಟ.”

“ಜಾಕೀಟ ಹಾಕ್ಕೊಂಡವ ಸಾಧಕ ಹೆಂಗಾಗ್ತಾನವಾ ತಂಗಿ?” ಎಂದರು ಶಶಿಧರ ಅವರು, ಮಗುವಿಗೆ ಹೇಳುವಂತೆ. “ನಮ್ಮ ಪರಂಪರಾ ಐತಿ, ಡಬ್ಬಿ ಐತಿ. ಜಲಗುರುಗಳು ಗಂಟು ಹಾಕಿ ಕೊಡ್ತಾರ, ಮುಂದ ಅವರ ಇಳೀತಾರ. ಅವರ ಹಿಂದ ಸಂಘ.”

“ನೀವು?”

“ನಾ ದಂಡಿ ಮ್ಯಾಲೆ. ಎಲ್ಲಾರೂ ಇಳದ್ರ ನೋಡೂರು ಯಾರು?”

ಹಾರ ಹಾಕಿಸಿಕೊಳ್ಳುವಾಗ ಎಲ್ಲರಿಗಿಂತ ಮುಂದೆ, ಹಾರುವಾಗ ಎಲ್ಲರಿಗಿಂತ ಹಿಂದೆ. ಇವರಿಗಿಂತ ಅನುಭವಿ ಅಧ್ಯಕ್ಷರನ್ನು ಎಲ್ಲಿಂದ ತರುವುದು?

ಮರುದಿನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಿದ್ದಾಗ ಆ ಸರೋವರದಲ್ಲಿ ದೋಣಿ ನಡೆಸುವವರ ನಂಬರು ಹುಡುಕಿ ಫೋನು ಮಾಡಿದೆ. ಮೇ ತಿಂಗಳಲ್ಲಿ ಈಜಬಹುದೇ ಎಂದು ನನ್ನ ಬೆಳಗಾವಿ ಹಿಂದಿಯಲ್ಲಿ ಕೇಳಿದೆ.

“ಮೇ ಮೇಂ?” ಎಂದ ಆ ಕಡೆಯವನು. “ಬಹನ್‌ಜೀ, ಮೇ ಮೇಂ?”

ಮೇ ತಿಂಗಳಲ್ಲಾ ಎಂದು ಅವನ ಪ್ರಶ್ನೆ. ಫೋನಿನಲ್ಲಿ ಅದು ಥೇಟ್ ಕುರಿ ಕೂಗಿದ ಹಾಗೆ ಕೇಳಿಸಿತು. ಆದರೆ ಕುರಿಗಳು ಅವನ ಕಡೆ ಇರಲಿಲ್ಲ, ನಮ್ಮ ಕಡೆ ಇದ್ದವು. ಅದು ನೀರಲ್ಲ, ಚೂರಿ ಎಂದ ಅವನು. ಏಪ್ರಿಲ್ ತನಕ ದಂಡೆಯಲ್ಲಿ ಹಿಮಗಡ್ಡೆ ಇರುತ್ತದೆ, ಮೇ ತಿಂಗಳಲ್ಲಿ ಬೆಟ್ಟದ ಮೇಲಿನ ಹಿಮವೆಲ್ಲ ಕರಗಿ ಅದರೊಳಗೇ ಬಂದು ಬೀಳುತ್ತದೆ. ಮೇಲೆ ಬಿಸಿಲು ಚುರುಗುಟ್ಟುತ್ತಿರುತ್ತದೆ, ಕೆಳಗೆ ನೀರು ನಾಲ್ಕೈದು ಡಿಗ್ರಿ. ಆ ಬಿಸಿಲಿಗೆ ಮರುಳಾಗಿ ಇಳಿದವರನ್ನೇ ತಾವು ಹೆಚ್ಚು ಎತ್ತಿದ್ದು ಎಂದ. ಈಜಲೇಬೇಕೆಂದರೆ ಆಗಸ್ಟ್ ಕೊನೆಗೆ, ಇಲ್ಲ ಸೆಪ್ಟೆಂಬರ್ ಮೊದಲಿಗೆ ಬನ್ನಿ. ಆಗಲೂ ಜಾಕೆಟ್ ಹಾಕಿಕೊಳ್ಳಿ, ಪಕ್ಕದಲ್ಲಿ ದೋಣಿ ಇಟ್ಟುಕೊಳ್ಳಿ, ದಂಡೆಯಗುಂಟ ಈಜಿ, ಒಬ್ಬರೇ ಇಳಿಯಬೇಡಿ.

ಸಂಜೆ ಅಪ್ಪನಿಗೆ ಇದನ್ನೆಲ್ಲ ಹೇಳಿದೆ.

“ಅಂವಾ ಬಾವಿ ನೋಡಿಲ್ಲ,” ಎಂದ ಅಪ್ಪ, ಸುತಳಿ ಸುತ್ತುತ್ತ.

“ನೀ ಸರೋವರ ನೋಡಿ ಏನು?”

“ನೀರು ನೀರ, ತಂಗಿ.”

“ನೀರು ನೀರ ಅಲ್ಲ ಅಪ್ಪಾ. ಬಾವಿ ನೆಲದ ಹೊಟ್ಟ್ಯಾಗ ಐತಿ, ವರ್ಷಪೂರ್ತಿ ಅದರದು ಒಂದ ಬಿಸಿ. ಥಂಡಿ ದಿನದಾಗ ನಿನ್ನ ಮೈ ತಣ್ಣಗಿರತೈತಿ, ಅದಕ್ಕ ನೀರು ಬೆಚ್ಚಗ ಹತ್ತತೈತಿ. ಸರೋವರ ಹಂಗಲ್ಲ, ಬಯಲಾಗ ಮಕ್ಕೊಂಡೈತಿ. ಬಚ್ಚಲಾನ ಹಂಡೇಕ ಉರಿ ಹಚ್ಚಿದ ಕೂಡಲೆ ನೀರು ಕಾಯ್ತಾವೇನು? ಉರಿ ಹಚ್ಚಿ ಎಷ್ಟೋ ಹೊತ್ತಿಗಿ ಕಾಯ್ತಾವು. ಮೇ ಅಂದ್ರ ಆ ಹಂಡೇಕ ಈಗರೆ ಕಡ್ಡಿ ಗೀರ್‍ಯಾರ. ಮ್ಯಾಲಿಂದ ಬರ್ಫಿನ ನೀರು ಬ್ಯಾರೆ ಹೊಯ್ಯಾಕತ್ಯಾರ. ಅದು ಕಾಯೂದು ಆಗಸ್ಟಿನಾಗ.”

ಅಪ್ಪ ಹಂಡೆಯ ಮಾತಿಗೆ ಒಂದು ಕ್ಷಣ ಕೈ ನಿಲ್ಲಿಸಿದ. ಆಮೇಲೆ ಮತ್ತೆ ಸುತ್ತತೊಡಗಿದ.

“ತಣ್ಣಗಿದ್ರ ಏನಾತು? ಒಂದೀಟು ನಡಗತೈತಿ. ಆಮ್ಯಾಲೆ ರೂಢಿ ಆಗತೈತಿ.”

“ನಡಗಿ ಯಾರೂ ಸಾಯಂಗಿಲ್ಲ. ಬಿದ್ದ ಕೂಡಲೆ ಉಸರು ತಾನ ಒಳಗ ಎಳೀತೈತಿ, ನೀ ಬ್ಯಾಡ ಅಂದ್ರೂ. ಆವಾಗ ಬಾಯಿ ನೀರಾಗ ಇದ್ರ ಮುಗೀತು. ಅದರಾಗ ಉಳದ್ರ ಆಮ್ಯಾಲೆ ಕೈಕಾಲು ಹೋಗ್ತಾವು. ಥಂಡಿ ಕೊಲ್ಲಾಕ ತಡಾ ಮಾಡತೈತಿ. ಅದಕ್ಕಿಂತ ಮೊದಲ ಮುಳುಗಿರ್ತಾರ.”

“ನನಗ ಉಸರಿನ ಪಾಠಾ ಹೇಳಬ್ಯಾಡ,” ಎಂದ ಅಪ್ಪ. ಮುಖ ಗಡುಸಾಗಿತ್ತು. ಬಾವಿಯ ತಳಕ್ಕೆ ಹೋಗಿ ಕೂತು, ಮೇಲಿದ್ದವರೆಲ್ಲ ಗಾಬರಿಯಾಗಿ ಕೂಗಾಡತೊಡಗಿದ ಮೇಲೆ ನಿಧಾನವಾಗಿ ಎದ್ದು ಬರುವವನು ಅವನು. ನಾನು ಸೋತು, ಕೊನೆಯ ಅಸ್ತ್ರ ಎಂದು ಶಶಿಧರ ಅವರ ಧ್ವನಿಯಲ್ಲಿ ಶುರುಮಾಡಿದೆ. “ಏನಪಾ ಅಂದ್ರ, ಮೇ ಅಂದ್ರ ಬ್ಯಾಸಿಗಿ, ಬ್ಯಾಸಿಗಿ ಅಂದ್ರ ಬಿಸಲು, ನಾ ಅಂದ್ರ ದಂಡಿ ಮ್ಯಾಲೆ.” ಅಪ್ಪ ಹೊಟ್ಟೆ ಹಿಡಿದು ನಕ್ಕ. ನಕ್ಕು, ಕಣ್ಣೊರೆಸಿಕೊಂಡು, “ಮೇ ಹನ್ನೆರಡರ ತಿಕೀಟ ತಗಸ್ಯಾರವಾ,” ಎಂದ.

ಹೀಗಾಗಿ ಬೇರೆ ದಾರಿ ಹಿಡಿದೆ. ಮುಂದಿನ ಸಭೆಯಲ್ಲಿ, ದೋಣಿಯವನು ಹೇಳಿದ ಸೆಪ್ಟೆಂಬರಿನ ಮಾತಿಗೆ ಅಧ್ಯಕ್ಷರು ಕಿವಿಗೊಡದಿದ್ದಾಗ, ಬಹಳ ವಿನಯದಿಂದ ಎದ್ದು ನಿಂತು, ಹೋಗುವ ಮೊದಲು ಇಲ್ಲೇ ಒಂದು ಪೂರ್ವಾಭ್ಯಾಸ ಆಗಬೇಕು ಎಂದೆ. ಹೌದಿನಲ್ಲಿ ಬರ್ಫ್ ತುಂಬಿ ಮೇ ತಿಂಗಳ ಸರೋವರವನ್ನೇ ತಯಾರು ಮಾಡಿದರೆ, ಬರ್ಫಿನ ನಡುವೆ ಅಧ್ಯಕ್ಷರು ನಿಂತ ಫೋಟೊ ಪೇಪರಿನಲ್ಲಿ ಎಷ್ಟು ಚಂದ ಬರಬಹುದು ಎಂದೆ. ಶಶಿಧರ ಅವರು ಫೋಟೊ ಎಂಬ ಮಾತಿಗೆ ಕರಗುವ ವೇಗ ಬರ್ಫಿಗೂ ಇಲ್ಲ. ನಮ್ಮ ಕಡೆ ಸಿಮೆಂಟಿನ ನೀರಿನ ತೊಟ್ಟಿಗೆ ಹೌದು ಎನ್ನುತ್ತಾರೆ. ಆ ಹೌದಿಗೆ ಅವರು ಕೂಡಲೇ ಹೌದು ಎಂದರು.

ನನ್ನ ಮನಸ್ಸಿನಲ್ಲಿದ್ದ ಚಿತ್ರ ಸರಳವಾಗಿತ್ತು. ಶಶಿಧರ ಅವರು ಇಳಿಯುತ್ತಾರೆ, ಬೆಕ್ಕಿನ ಹಾಗೆ ಕಿರುಚಿ ಜಿಗಿದು ಹೊರಗೆ ಬರುತ್ತಾರೆ, ಎಲ್ಲರೂ ನಗುತ್ತಾರೆ, ಮೇ ತಿಂಗಳು ಅಲ್ಲಿಗೇ ಸತ್ತುಹೋಗುತ್ತದೆ. ಆ ಕಿರುಚಾಟವನ್ನು ಮುಂದೆ ಹಬ್ಬ ಹುಣ್ಣಿವೆಗೆಲ್ಲ ಮಾಡಿ ತೋರಿಸುವ ಆಸೆಯೂ ಇತ್ತು.

ಜಾಗ ಖಾನಾಪುರದ ಹೊರಗಿನ ಚಂದ್ರವ್ವ ಅತ್ತಿಯ ಹೊಲ. ಆಕೆ ಅಪ್ಪನ ಅಕ್ಕ. ಪಂಪಿನ ನೀರು ಬೀಳುವ ಆಕೆಯ ಹೌದು ಒಳ್ಳೆ ಕೋಣೆಯಷ್ಟು ದೊಡ್ಡದು, ಎದೆಮಟ್ಟ ನೀರು ನಿಲ್ಲುತ್ತದೆ. ಬರ್ಫ್ ತರುವವನು ಜುಲ್ಫಿಕಾರ. ಮಚ್ಛೆಯಲ್ಲಿ ಅವನದು ಬರ್ಫಿನ ಕಾರ್ಖಾನೆ, ಮದುವೆಮನೆಗೆ, ಮೀನು ಮಾರುವವರಿಗೆಲ್ಲ ಅವನೇ ಪೂರೈಸುವುದು. ಚಿಕ್ಕವನಿದ್ದಾಗ ನಮ್ಮ ಬಾವಿಯಲ್ಲಿ ಅಪ್ಪನ ಡಬ್ಬಿ ಕಟ್ಟಿಕೊಂಡೇ ಈಜು ಕಲಿತವನು.

ಮಾರ್ಚಿನ ಒಂದು ರವಿವಾರ ಬೆಳಿಗ್ಗೆ ನಾವು ಮುಟ್ಟುವ ಹೊತ್ತಿಗೆ ಅವನ ಟೆಂಪೊ ಹೌದಿನ ಪಕ್ಕ ನಿಂತಿತ್ತು. ಗೋಣಿಚೀಲ ಹೊದ್ದ ಬರ್ಫಿನ ದಿಮ್ಮಿಗಳನ್ನು ಒಂದೊಂದಾಗಿ ನೀರಿಗೆ ಜಾರಿಸುತ್ತಿದ್ದ. ಚಂದ್ರವ್ವ ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತಿದ್ದಳು.

“ಇಷ್ಟು ಬರ್ಫಿನಾಗ ಇಡೀ ಖಾನಾಪುರಕ್ಕ ಶರಬತ್ತು ಆಗತಿತ್ತು,” ಎಂದಳು. “ನೀವು ಅದರಾಗ ಮುದುಕರನ್ನ ತೊಳಿಯಾಕ ಬಂದೀರಿ.”

ಜುಲ್ಫಿಕಾರ ಕಾರ್ಖಾನೆಯ ಉದ್ದ ಥರ್ಮಾಮೀಟರನ್ನು ನೀರಲ್ಲಿ ಅದ್ದಿ ನೋಡಿದ. “ಆರಕ್ಕ ಬಂತು ತಂಗಿ. ಇನ್ನೂ ಇಳಸಲ್ಯಾ?”

“ಅಲ್ಲಿ ನಾಲ್ಕೈದು ಅಂದಾರ. ಆರ ಸಾಕು. ಅಧ್ಯಕ್ಷರಿಗಿ ಅಷ್ಟು ರಿಯಾಯ್ತಿ ಇರಲಿ.”

ಯಾರೇ ಇಳಿದರೂ ಸೊಂಟಕ್ಕೆ ಹಗ್ಗ ಇರಬೇಕು, ಹಗ್ಗದ ತುದಿ ಜುಲ್ಫಿಕಾರನ ಕೈಯಲ್ಲಿ ಇರಬೇಕು, ಹೊರಗೆ ಬಂದ ಕೂಡಲೇ ಹೊದೆಯಲು ಕೌದಿ, ಕುಡಿಯಲು ಬಿಸಿ ಚಹಾ ಇರಬೇಕು ಎಂದು ನಾನು ಮೊದಲೇ ಹೇಳಿಟ್ಟಿದ್ದೆ. ಅತ್ತಿ ಮನೆಯ ಕೌದಿಗಳನ್ನೆಲ್ಲ ಬೇಲಿಯ ಮೇಲೆ ಬಿಸಿಲಿಗೆ ಹಾಕಿದ್ದಳು.

ಶಶಿಧರ ಅವರು ಕಾರಿನಲ್ಲಿ ಬಂದರು. ಹೊಸ ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ. ಅನಿಕೇತ ಹಿಂದಿನಿಂದ ಬ್ಯಾನರಿನ ಸುರುಳಿ ಹೊತ್ತು ಬಂದ. ಅಧ್ಯಕ್ಷರು ಹೌದಿನ ಕಟ್ಟೆಯ ಮೇಲೆ ಬಗ್ಗಿ, ಕೆಟ್ಟ ಹಾಲನ್ನು ಪರೀಕ್ಷಿಸುವವರಂತೆ ತೋರುಬೆರಳ ತುದಿಯನ್ನು ನೀರಿಗೆ ಮುಟ್ಟಿಸಿದರು. ಬೆರಳು ತಾನಾಗಿ ಹಿಂದಕ್ಕೆ ಬಂತು. ಮೋರೆಯ ಮೇಲಿದ್ದ ನಗು ಅಲ್ಲೇ ಹೆಪ್ಪುಗಟ್ಟಿತು.

“ಬರ್ರಿ ಅಧ್ಯಕ್ಷರ, ಫೋಟೊ ತಗೀತೀನಿ,” ಎಂದೆ.

“ಏನಪಾ ಅಂದ್ರ,” ಎಂದರು, ಬೆರಳನ್ನು ಪ್ಯಾಂಟಿಗೆ ಒರೆಸುತ್ತ, “ನಾ ಮಾರ್ಗದರ್ಶಕ. ಮಾರ್ಗದರ್ಶಕ ಒದ್ದಿ ಆಗಬಾರದು. ಒದ್ದಿ ಆದ್ರ ದೃಷ್ಟಿ ಮಂಜ ಆಗತೈತಿ.”

“ಮಾರ್ಗ ತೋರಸೂವ್ರು ಮಾರ್ಗದಾಗ ಮುಂದ ಇರಬೇಕಲ್ರೀ ಸಾಹೇಬ್ರ,” ಎಂದಳು ಚಂದ್ರವ್ವ ಅತ್ತಿ. “ನಮ್ಮ ಎತ್ತಿಗೂ ಅಷ್ಟು ತಿಳೀತೈತಿ.”

ಜುಲ್ಫಿಕಾರ ಮುಖ ಆ ಕಡೆ ತಿರುಗಿಸಿ ನಕ್ಕ. ಸದಸ್ಯರೊಬ್ಬಿಬ್ಬರು ಕೆಮ್ಮಿದರು. ನನ್ನ ನಾಟಕ ನಾನು ಬರೆದಂತೆಯೇ ನಡೆಯುತ್ತಿತ್ತು. ಆಗ ಶಶಿಧರ ಅವರು ಎರಡೂ ಕೈ ಜೋಡಿಸಿ ಅಪ್ಪನ ಕಡೆ ತಿರುಗಿದರು.

“ಮೊದಲ ಮಾನ ಜಲಗುರುಗಳದು,” ಎಂದರು.

ನಾನು ತಿರುಗಿ ನೋಡುವಷ್ಟರಲ್ಲಿ ಅಪ್ಪ ಅಂಗಿ ಕಳಚಿ, ಸೊಂಟಕ್ಕೆ ಹಗ್ಗ ಸುತ್ತಿ, ತನ್ನ ಗಂಟನ್ನು ತಾನೇ ಹಾಕಿಕೊಂಡಿದ್ದ.

“ಅಪ್ಪಾ, ನೀ ಬ್ಯಾಡ. ಇಳಿಯೂದಾದ್ರ ಸಾವಕಾಶ ಇಳಿ, ಮೊದಲ ಕಾಲು...”

“ಕಾಲು ನೆನಸಿ ಇಳಿಯೂದು ಸಣ್ಣ ಹುಡುಗ್ರ ಕೆಲಸ,” ಎಂದ. ಕಟ್ಟೆಯ ಮೇಲೆ ನಿಂತು, ಬಾವಿಗೆ ಹಾರುವ ಹಾಗೆಯೇ ಮೊಣಕಾಲು ಎದೆಗೆ ತಬ್ಬಿಕೊಂಡು ಹಾರಿದ.

ನೀರು ಎದ್ದು ನಮ್ಮೆಲ್ಲರ ಮೇಲೆ ಬಿತ್ತು. ಸೂಜಿಯ ಹಾಗಿತ್ತು ಅದು.

ಬಾವಿಯಲ್ಲಾದರೆ ಅಪ್ಪ ಮೇಲೆ ಬರುವುದು ನಿಧಾನ. ಇಲ್ಲಿ ತಲೆ ಕೂಡಲೇ ಬಂತು. ಬಾಯಿ ಪೂರ್ತಿ ತೆರೆದಿತ್ತು. ಹಾ, ಹಾ, ಹಾ ಎಂದು ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುವುದು ಕಾಣುತ್ತಲೇ ಇರಲಿಲ್ಲ. ಕಣ್ಣು ನನ್ನ ಮೇಲೆಯೇ ಇತ್ತು, ಆದರೆ ನನ್ನನ್ನು ಗುರುತಿಸಿದ ಹಾಗಿರಲಿಲ್ಲ. ಒಂದು ಅಲೆ ಬಾಯಿಗೆ ಹೋಗಿ ಕೆಮ್ಮಿದ. ಎದೆಮಟ್ಟದ ನೀರಿನಲ್ಲಿ ನಿಂತೇ ಇದ್ದ ಮನುಷ್ಯ ಮುಳುಗುವವನಂತೆ ಕಾಣುತ್ತಿದ್ದ.

“ಎಳಿ ಅಣ್ಣಾ,” ಎಂದೆ ಜುಲ್ಫಿಕಾರನಿಗೆ.

ಅವನು ಹಗ್ಗ ಎಳೆದ. ಅಪ್ಪ ಕೈ ಅಡ್ಡ ಮಾಡಿದ. ಕಟ್ಟೆಯನ್ನು ಹಿಡಿದು ನಿಂತು, ಉಸಿರು ಒಂದು ಹದಕ್ಕೆ ಬರುವ ತನಕ ಕಾದು, “ಈಗ ಬರಾಬರಿ ಐತಿ,” ಎಂದ. ಧ್ವನಿ ಅವನದಾಗಿರಲಿಲ್ಲ. ಅದು ಧೈರ್ಯವಾಗಿರಲಿಲ್ಲ, ಬರೀ ಹಟ. ನಮ್ಮೆಲ್ಲರ ಎದುರಿಗೆ ಆ ಹಾ ಹಾ ಕೇಳಿಸಿದ್ದಕ್ಕೆ ಅವನು ನೀರಿನ ಮೇಲೆ ಸೇಡು ತೀರಿಸಿಕೊಳ್ಳಬೇಕಿತ್ತು. ಬರ್ಫಿನ ತುಂಡುಗಳನ್ನು ಸರಿಸುತ್ತ ಹೌದಿನ ಗೋಡೆಯಗುಂಟ ಸುತ್ತು ಹಾಕತೊಡಗಿದ. ಮೊದಲ ಸುತ್ತಿನಲ್ಲಿ ಕೈ ಬೀಸುತ್ತಿದ್ದ. ಆಮೇಲೆ ಬೆರಳುಗಳು ಕೂಡಲಿಲ್ಲ, ಮಂಡಕ್ಕಿ ಕೆದರುವ ಹಾಗೆ ಬಿಡಿಬಿಡಿಯಾಗಿ ನೀರು ಕೆದರತೊಡಗಿದವು. ತುಟಿ ಕಪ್ಪು ಕಟ್ಟಿತು.

“ತಮ್ಮಾ, ಸಾಕು ಬಾ ಹೊರಗ,” ಎಂದಳು ಅತ್ತಿ. ಆ ಧ್ವನಿಗೆ ಅವನು ಹುಟ್ಟಿದಾಗಿನಿಂದ ಅಂಜುತ್ತಾನೆ. ಕಟ್ಟೆಗೆ ಬಂದ. ಹತ್ತಲು ಆಗಲಿಲ್ಲ. ಕೈ ಕಟ್ಟೆಯ ಮೇಲಿತ್ತು, ಹಿಡಿಯುತ್ತಿರಲಿಲ್ಲ. ಜುಲ್ಫಿಕಾರ ಮತ್ತು ನಾನು ಕಂಕುಳಿಗೆ ಕೈ ಹಾಕಿ ಗೋಣಿಚೀಲ ಎಳೆದಂತೆ ಎಳೆದೆವು.

ಅತ್ತಿ ಕೌದಿ ಹೊದಿಸಿದಳು. ಸೊಂಟದ ಹಗ್ಗ ಬಿಚ್ಚಲು ಅಪ್ಪ ಬಗ್ಗಿದ. ಬೆರಳು ಗಂಟಿನ ಮೇಲೆ ಆಡಿದವು, ಗಂಟು ಅಲುಗಲಿಲ್ಲ. ಬೇರೆ ಯಾರಿಗೂ ಬಿಚ್ಚಲು ಬಾರದ ಗಂಟು ಈಗ ಅವನಿಗೂ ಬರಲಿಲ್ಲ. ಅತ್ತಿ ಕುಡಗೋಲು ತಂದು ಹಗ್ಗ ಕತ್ತರಿಸಿದಳು.

ಈ ಹೊತ್ತಿಗೆ ಶಶಿಧರ ಅವರಿಗೆ ಧ್ವನಿ ಮರಳಿ ಬಂದಿತ್ತು. ಬಂದದ್ದಷ್ಟೇ ಅಲ್ಲ, ಮೈಕಿಲ್ಲದೆಯೂ ಸುತ್ತಲಿನ ಕಬ್ಬಿಗೆಲ್ಲ ಕೇಳಿಸುವಷ್ಟು ಬಂದಿತ್ತು.

“ಲಕ್ಷ್ಯಗೊಟ್ಟು ನೋಡ್ರಿ,” ಎಂದರು. “ಏನಪಾ ಅಂದ್ರ, ಪರೀಕ್ಷಾ ಪಾಸ್. ಜಲಗುರುಗಳು ಹಿಮಾಲಯ ಗೆದ್ದರು. ಅವರ ವಯಸ್ಸಿಗಿ ಆತಂದ್ರ ಜವಾನ ಹುಡುಗ್ರಿಗಿ ಏನು? ಅನಿಕೇತ, ನೀ ಇಳಿ. ಡಬ್ಬಿ ಕಟ್ಟಿಸ್ಕೊಂಡು ಇಳಿ, ಫೋಟೊದಾಗ ನಮ್ಮ ಪರಂಪರಾ ಕಾಣಬೇಕು.”

ಅನಿಕೇತ ಹೌದಿನ ಕಡೆ ನೋಡಿದ, ಯಜಮಾನರ ಕಡೆ ನೋಡಿದ. ಚಪ್ಪಾಳೆ ಹೊಡೆಯುವ ಕೈಗಳಿಂದಲೇ ನಿಧಾನವಾಗಿ ಅಂಗಿ ಬಿಚ್ಚಿದ. ನಾವು ಮನೆಯಿಂದ ತಂದಿದ್ದ ಡಬ್ಬಿ, ಹಗ್ಗ ಹಿಡಿದುಕೊಂಡು ಅಪ್ಪನ ಮುಂದೆ ಬಂದು ಬೆನ್ನು ತಿರುಗಿಸಿ ನಿಂತ. ನಮ್ಮ ಬಾವಿಯ ಕಟ್ಟೆಯ ಮೇಲೆ ಹುಡುಗರು ನಿಲ್ಲುವುದು ಹೀಗೆಯೇ. ಹಾಗೆ ನಿಂತ ಬೆನ್ನನ್ನು ಅಪ್ಪ ಎಂದೂ ಕಾಯಿಸಿದವನಲ್ಲ.

“ಉಂಡ ಬಂದಿ ಏನು?” ಎಂದು ಕೇಳಿದ ಅಪ್ಪ. ಹಲ್ಲು ಕಟಕಟಿಸುತ್ತಿದ್ದವು.

“ಇಲ್ರೀ ಕಾಕಾ.”

ಅಪ್ಪ ಕೌದಿಯೊಳಗಿನಿಂದ ಕೈ ತೆಗೆದು ಡಬ್ಬಿಯನ್ನು ಅವನ ಬೆನ್ನಿಗಿಟ್ಟ. ಹಗ್ಗ ಎದೆಯ ಸುತ್ತ ತಂದ. ಒಂದು ಸುತ್ತು, ಮೇಲಿನಿಂದ ಒಂದು, ಕೆಳಗಿನಿಂದ ಒಂದು. ನಾನು ಸಾವಿರ ಸಲ ನೋಡಿದ ಕೈಚಳಕ. ತುದಿಯನ್ನು ತೂರಿಸುವಲ್ಲಿ ಬೆರಳು ನಿಂತವು. ಮತ್ತೆ ಮಾಡಿದ. ಮೂರನೆಯ ಸಲ ಹಲ್ಲಿನಿಂದ ಹಿಡಿದು ಎಳೆದ. ಗಂಟು ಬಿತ್ತು. ಅಪ್ಪ ರೂಢಿಯಂತೆ ಡಬ್ಬಿಯ ಮೇಲೆ ಎರಡು ಪೆಟ್ಟು ಬಡಿದು ನೋಡಿದ.

ಗಂಟು ಬಿಚ್ಚಿಕೊಂಡಿತು. ಡಬ್ಬಿ ಜಾರಿ ಕಟ್ಟೆಗೆ ಬಡಿದು, ದಡದಡ ಉರುಳಿ ಹೌದಿನೊಳಗೆ ಬಿತ್ತು. ಬರ್ಫಿನ ತುಂಡುಗಳ ನಡುವೆ ಒಂಟಿಯಾಗಿ ತೇಲತೊಡಗಿತು.

ಅಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಯಾರೋ ಮಾರಲು ತಂದ ಸಾಮಾನು ನೋಡುವಂತೆ ತಿರುಗಿಸಿ ನೋಡಿದ. ಆಮೇಲೆ ತೇಲುವ ಡಬ್ಬಿಯನ್ನು ನೋಡಿದ. ಅದರ ಕೆಳಗೆ ಯಾರಿರಬೇಕಿತ್ತು ಎಂಬುದು ಅವನಿಗೂ ಕಂಡಿತು, ನನಗೂ ಕಂಡಿತು. ಅನಿಕೇತನಿಗೆ ಎಲ್ಲರಿಗಿಂತ ಚೆನ್ನಾಗಿ ಕಂಡಿರಬೇಕು.

“ಅಂಗಿ ಹಾಕ್ಕೊ,” ಎಂದ ಅಪ್ಪ ಅವನಿಗೆ.

“ಏನಾತ್ರಿ ಜಲಗುರುಗಳ?” ಎಂದರು ಶಶಿಧರ ಅವರು. “ಒಂದು ಗಂಟು ತಾನ? ಅನಿಕೇತ ತಾನ ಹಾಕ್ಕೋತಾನ.”

“ಮೇದಾಗ ನಾ ಬರಂಗಿಲ್ಲ,” ಎಂದ ಅಪ್ಪ. “ನನ್ನ ಡಬ್ಬಿ ಬರಂಗಿಲ್ಲ. ನನ್ನ ಹಗ್ಗ ಬರಂಗಿಲ್ಲ. ಇವರು ಯಾರೂ ಬರಂಗಿಲ್ಲ.”

“ಎಲ್ಲಾ ಠರಾವು ಆಗೇತ್ರಿ. ಪೇಪರಿಗೂ ಹೇಳೇನಿ. ಸಂಘದ ಮರ್ಯಾದಿ ಏನಾಗಬೇಕು?”

“ಮರ್ಯಾದಿ ತೇಲತೈತ್ರಿ,” ಎಂದ ಅಪ್ಪ. “ಹುಡುಗ್ರು ಮುಳಗ್ತಾರ.”

ಶಶಿಧರ ಅವರು ಸುತ್ತ ನೋಡಿದರು. ಸದಸ್ಯರೆಲ್ಲ ಆಗಲೇ ಚಹಾದ ಕಡೆ ಸರಿದಿದ್ದರು. ಅನಿಕೇತ ಅಂಗಿಯ ಗುಂಡಿ ಹಾಕುತ್ತಿದ್ದ, ತಲ್ಲೀನನಾಗಿ, ಲೋಕದಲ್ಲಿ ಅದೊಂದೇ ಕೆಲಸ ಉಳಿದಿರುವಂತೆ. ಬ್ಯಾನರಿನ ಸುರುಳಿ ಬಿಚ್ಚುವವರಿಲ್ಲದೆ ಕಬ್ಬಿನ ಬದಿಗೆ ಬಿದ್ದಿತ್ತು. ಅಧ್ಯಕ್ಷರು ಸೀಟಿಯನ್ನು ಬಾಯಿಗಿಟ್ಟು, ಏನು ನೆನಪಾಯಿತೋ, ಮತ್ತೆ ತೆಗೆದರು.

“ನಾ ಮೊದಲಿಂದ ಸೆಪ್ಟೆಂಬರ್ ಅನ್ನಾಕತ್ತಿದ್ದೆ,” ಎಂದರು. “ಏನಪಾ ಅಂದ್ರ, ಜಾಕೀಟಿಗೂ ನನ್ನ ವಿರೋಧ ಇರಲಿಲ್ಲ. ಯಾರೂ ಲಕ್ಷ್ಯಗೊಟ್ಟು ಕೇಳಲಿಲ್ಲ.” ಹಾಗೆಂದು ಕಾರಿನ ಕಡೆ ನಡೆದರು. ಹೊರಡುವ ಮೊದಲು ಹೌದಿನ ಹತ್ತಿರ ಬಂದು, ಬರ್ಫ್ ಕಾಣುವಂತೆ ನಿಂತು ಒಂದು ಫೋಟೊ ತೆಗೆಸಿಕೊಂಡದ್ದೂ ನಿಜ. ಟ್ರ್ಯಾಕ್‌ಸೂಟು ಒಣಗೇ ಇತ್ತು. ಮುಂದಿನ ತಿಂಗಳ ಭಾಷಣದಲ್ಲಿ ಅದೂ ತೋಯುತ್ತದೆ, ಅನುಮಾನ ಬೇಡ.

ಅಪ್ಪನಿಗೆ ಅಂಗಿ ತೊಡಿಸಿ ಗುಂಡಿ ಹಾಕಿದವಳು ಚಂದ್ರವ್ವ ಅತ್ತಿ. “ಸಾಲಿಗಿ ಕಳಸೂವಾಗ ಹಾಕತಿದ್ದೆ, ಈಗ ಮತ್ತ ಹಾಕಸ್ಕೊ,” ಎಂದಳು. ಅಪ್ಪ ತಲೆ ತಗ್ಗಿಸಿ ಹಾಕಿಸಿಕೊಂಡ.

ಸ್ಕೂಟರಿನ ಗಾಳಿಗೆ ಅವನನ್ನು ಒಡ್ಡುವಂತಿರಲಿಲ್ಲ. ಸ್ಕೂಟರನ್ನು ಖಾಲಿಯಾಗಿದ್ದ ಟೆಂಪೊದ ಹಿಂದೆ ಏರಿಸಿ, ನಾವಿಬ್ಬರೂ ಜುಲ್ಫಿಕಾರನ ಪಕ್ಕದಲ್ಲಿ ಕೂತೆವು. ಕಿಟಕಿ ಮುಚ್ಚಿತ್ತು, ಅಪ್ಪನ ಮೇಲೆ ಎರಡು ಕೌದಿ. ಕುಡಗೋಲಿನಿಂದ ಕತ್ತರಿಸಿದ ಹಗ್ಗದ ತುಂಡನ್ನು ಅವನು ಎಸೆದಿರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಗಂಟು ಹಾಕಲು ನೋಡುತ್ತಿದ್ದ. ಖಾನಾಪುರ ದಾಟುವಾಗ ಹಗ್ಗದ ತುದಿ ಬೆರಳಿಗೇ ಸಿಗುತ್ತಿರಲಿಲ್ಲ. ನಡುವೆ ಸಿಕ್ಕಿತು, ಗಂಟು ಕೂಡಲಿಲ್ಲ. ದೇಸೂರಿನ ಹತ್ತಿರ ಗಂಟಿನಂತೆ ಏನೋ ಆಯಿತು, ಎಳೆದರೆ ಬಿಚ್ಚಿಕೊಂಡಿತು. ಜುಲ್ಫಿಕಾರ ಒಮ್ಮೆ ನೋಡಿ ಮತ್ತೆ ರಸ್ತೆಯ ಕಡೆ ಮುಖ ಮಾಡಿದ.

ಹೊರಟು ಅರ್ಧ ತಾಸು ಕಳೆದು, ಮಚ್ಛೆಯ ಕಾರ್ಖಾನೆಗಳ ಚಿಮಣಿ ಕಾಣತೊಡಗಿದಾಗ ಅಪ್ಪ ಹಗ್ಗವನ್ನು ಎರಡೂ ಕಡೆ ಹಿಡಿದು ಜಗ್ಗಿದ. ಇನ್ನೊಮ್ಮೆ ಜಗ್ಗಿದ. ಗಂಟು ನಿಂತಿತು.

ಅದನ್ನು ನನ್ನ ಕೈಗೆ ಕೊಟ್ಟು, ಕಿಟಕಿಯ ಹೊರಗೆ ನೋಡುತ್ತ, ಎಂದೂ ಯಾರನ್ನೂ ಅಣಕಿಸದ ನನ್ನ ಅಪ್ಪ ಥೇಟ್ ಶಶಿಧರ ಅವರ ಧ್ವನಿಯಲ್ಲಿ ಹೇಳಿದ:

“ಏನಪಾ ಅಂದ್ರ, ಸರೋವರದಾಗ ಮಚ್ಛೆ ಬರೂ ತನಾ ಯಾರು ಕಾಯ್ತಾರ?”